ಹನ್ನೆರಡು ಎಂದು ಬರೆದ ಕೋಲು

ದಾರದಕ್ಕನ ಅಂಗಡಿಗೆ ಬೋರ್ಡಿಲ್ಲ. ಬೋರ್ಡು ಹಾಕಿಸಬೇಕೆಂದರೆ ಮೊದಲು ಅದು ಯಾವ ಅಂಗಡಿ ಎಂದು ತೀರ್ಮಾನವಾಗಬೇಕಲ್ಲ. ಬಾಗಿಲಿಂದ ಎಡಕ್ಕೆ ಹೊಲಿಗೆ ಯಂತ್ರ, ಅದರ ಪಕ್ಕ ಬಂದರಿನ ಕೆಲಸಗಾರರ ನೀಲಿ ಸಮವಸ್ತ್ರಗಳ ಗುಡ್ಡೆ. ಬಲಕ್ಕೆ ಗೋಡೆಯುದ್ದಕ್ಕೂ ಒಂದು ಬೆಂಚು, ಅದರ ತುಂಬ ಮೀನು ಹಿಡಿಯುವ ಕೋಲುಗಳು. ಪ್ಯಾಂಟಿನ ಅಂಚು ಬಿಚ್ಚಿಸಲು ಬಂದವರು ಕೋಲಿಗೆ ತಲೆ ತಾಗಿಸಿಕೊಂಡು ಬೈದುಕೊಳ್ಳುತ್ತಾರೆ, ಕೋಲು ಮಾಡಿಸಲು ಬಂದವರು ಮನೆಗೆ ಹೋದ ಮೇಲೆ ಬೆನ್ನಿಗಂಟಿದ ನೂಲು ಕೀಳುತ್ತಾರೆ. ಎರಡು ಕಸುಬಿಗೂ ಬೇಕಾದದ್ದು ದಾರ, ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಈಗ ಅವಳೇ ತಿರುಗಿ ನೋಡುವುದು ಅನುಮಾನ.

ಕೋಲಿನ ಕಸುಬು ಅವಳಿಗೆ ಅಂಟಿಕೊಂಡದ್ದು ಅಣ್ಣನಿಂದ. ಅಪ್ಪ ಹೋದ ಮೇಲೆ ಓದು ಬಿಟ್ಟು ಬಂದರಿನ ಕೆಲಸಕ್ಕೆ ಸೇರಿದವನು ಅವನು. ತಂಗಿಗೆ ಹೊಲಿಗೆ ಕಲಿಸಿ, ಯಂತ್ರ ಕೊಡಿಸಿ, ಮದುವೆ ಬೇಡ ಎಂದಾಗ ಯಾಕೆ ಎಂದು ಕೂಡ ಕೇಳದೆ ಈ ಅಂಗಡಿ ಹಿಡಿದುಕೊಟ್ಟ. ಒಂದು ಸಲ ಅವನ ಕೋಲಿನಲ್ಲಿ ದಾರ ಹಾಯುವ ಉಂಗುರ ಕಳಚಿ ಬಂದಿತ್ತು. ಅವಳು ಗುಂಡಿಯ ಮನೆ ಹೊಲಿಯುವ ದಾರವನ್ನು ಎಳೆ ಮೇಲೆ ಎಳೆ ಬರದ ಹಾಗೆ ಒತ್ತೊತ್ತಾಗಿ ಸುತ್ತಿ ಕೂರಿಸಿದಳು. ಸಮುದ್ರದ ಉಪ್ಪು ನೀರಿಗೂ ಅದು ಜಗ್ಗಲಿಲ್ಲ. ಅಣ್ಣ ಊರೆಲ್ಲ ಡಂಗುರ ಹೊಡೆದ. ಒಂದಾದ ಮೇಲೊಂದು ಕೋಲು ಬಂದವು, ರಿಪೇರಿ ಹೋಗಿ ಹೊಸದನ್ನೇ ಕಟ್ಟಿಕೊಡುವುದು ಶುರುವಾಯಿತು, ನೋಡನೋಡುತ್ತ ಅರ್ಧ ಅಂಗಡಿ ಕೋಲಿನ ಪಾಲಾಯಿತು.

ಇಲ್ಲಿ ಗರಿಗಾಳದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಸಾಮಾನ್ಯ ಗಾಳಕ್ಕೆ ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ, ಗುಂಡಿನ ಹಿಂದೆ ದಾರ ಓಡುತ್ತದೆ. ಗರಿಗಾಳದಲ್ಲಿ ಕೊಕ್ಕೆಗೆ ಕಟ್ಟಿರುವುದು ನಾಲ್ಕು ಗರಿ, ಊದಿದರೆ ಹಾರಿಹೋಗುತ್ತದೆ. ತೂಕವೆಲ್ಲ ದಾರದ್ದೇ. ಆ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ಬಿಡಬೇಕು. ದಾರದ ತೂಕಕ್ಕೆ ಒಂದು ನಂಬರು, ಕೋಲಿಗೂ ಅದೇ ನಂಬರು. ಸಮುದ್ರಕ್ಕೆ ಎಂಟು ಎಂದರೆ ದಡದ ಹತ್ತಿರದ ಮೀನಿಗೆ ಸಾಕು. ಹತ್ತು ಅದಕ್ಕಿಂತ ಗಟ್ಟಿ. ಹನ್ನೆರಡು ಎಂದರೆ ಹಿಡಿದವನನ್ನೇ ನೀರಿಗೆ ಎಳೆಯುವಂಥ ಮೀನಿಗೆ. ಅದನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬೀಸುವುದು ಹುಡುಗಾಟವಲ್ಲ.

ಅಣ್ಣ ಜೀವಮಾನದಲ್ಲಿ ಹನ್ನೆರಡು ಬಿಟ್ಟು ಬೇರೆ ಹಿಡಿದವನಲ್ಲ. ಬಂದರಿನಲ್ಲಿ ಅವನನ್ನು ಕರೆಯುತ್ತಿದ್ದುದೇ ಹನ್ನೆರಡಣ್ಣ ಎಂದು. ಕ್ರೇನ್ ನಡೆಸುವವನು. ಕಬ್ಬಿಣದ ಏಣಿ ಹತ್ತಿ ಮೇಲಿನ ಗಾಜಿನ ಗೂಡಿನಲ್ಲಿ ಕೂತರೆ ಇಡೀ ಬಂದರು ಅವನ ಕಾಲಡಿ. ಒಂದು ತುಂತುರು ಮಳೆಯ ಬೆಳಗ್ಗೆ ಆ ಏಣಿಯಲ್ಲಿ ಕಾಲು ಜಾರಿತು. ಬಲಗೈಯೊಂದರಲ್ಲೇ ನೇತಾಡಿ ಜೀವ ಉಳಿಸಿಕೊಂಡ, ಭುಜ ಮಾತ್ರ ಒಳಗೆ ಹರಿದುಹೋಯಿತು. ಆಪರೇಷನ್ ಆಯಿತು. ಏಣಿಯ ಮಾತೇ ಎತ್ತಬೇಡ ಎಂದರು ಡಾಕ್ಟರು. ಆಮೇಲೆ ಅವನನ್ನು ಬಂದರಿನ ಗೇಟಿನ ಬಳಿ ಒಂದು ಕ್ಯಾಬಿನ್ನಿನಲ್ಲಿ ಕೂರಿಸಿ, ಒಳಗೆ ಹೋಗುವ ಲಾರಿಗಳ ಚೀಟಿಗೆ ಸೀಲು ಒತ್ತುವ ಕೆಲಸ ಕೊಟ್ಟರು. ಸಾಲದ್ದಕ್ಕೆ ಅತ್ತಿಗೆ ಕಾರಿನ ಬಾಗಿಲು ಹಾಕುವಾಗ ಅವನ ಹಳೆಯ ಕೋಲು ಸಿಕ್ಕಿ ಎರಡು ತುಂಡಾಯಿತು. ಬೇಕೆಂದೇ ಹಾಕಿದಳು ಎಂದು ಅಣ್ಣ ಇವತ್ತಿಗೂ ನಂಬಿದ್ದಾನೆ.

ಒಂದು ವರ್ಷ ಅವನು ಸಮುದ್ರದ ಕಡೆ ತಲೆ ಹಾಕಲಿಲ್ಲ. ಕೆಲಸ ಮುಗಿಸಿ ಬಂದು ಟಿವಿ ಮುಂದೆ ಕೂತರೆ ಊಟಕ್ಕೆ ಏಳಿಸಬೇಕು. ಆಮೇಲೊಂದು ದಿನ ಅಂಗಡಿಗೆ ಬಂದು, ಸಮವಸ್ತ್ರದ ಗುಡ್ಡೆಯನ್ನು ಪಕ್ಕಕ್ಕೆ ತಳ್ಳಿ ಕೂತ.

"ಒಂದು ಕೋಲು ಕಟ್ಕೊಡು."

"ಯಾವ ನಂಬರು?" ಎಂದಳು ದಾರದಕ್ಕ. ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

"ಇದೇನು ಕೇಳ್ತೀಯ, ಹೊಸಬಳ ಥರ. ಹನ್ನೆರಡಕ್ಕಿಂತ ಕಡಿಮೆ ಹಿಡಿಯೋ ದಿನ ಬಂದ್ರೆ ಮೀನನ್ನ ಮಾರ್ಕೆಟಿಂದ ತರ್ತೀನಿ, ಸಮುದ್ರಕ್ಕೆ ಯಾಕೆ ಹೋಗ್ಲಿ."

ಮರುದಿನ ಅತ್ತಿಗೆ ಬಂದಳು. ಒಂದು ಜಾಕೆಟ್ಟಿನ ಜಿಪ್ಪು ನೆಪ. "ಅವರಿಗೆ ಕೋಲು ಕೊಡು, ಬೇಡ ಅನ್ನಲ್ಲ. ಮನೇಲಿ ಹೀಗೆ ಕೂತಿರೋದಕ್ಕಿಂತ ಮೇಲು. ಆದ್ರೆ ಹಗುರದ್ದು ಕೊಡು. ಆ ಭುಜ ಇನ್ನೊಂದು ಸಲ ಹೋದ್ರೆ ಅಂಗಿ ತೋಳಿಗೆ ಕೈ ಹಾಕೋಕೂ ನಾನೇ ಬೇಕಾಗುತ್ತೆ."

"ಹಗುರದ್ದು ಅಂದ್ರೆ ಮುಟ್ಟಲ್ವಲ್ಲ ಅತ್ತಿಗೆ."

"ನೀನು ಹೇಳಿದ್ರೆ ಕೇಳ್ತಾರೆ. ನನ್ನ ಮಾತಿಗೆ ಆ ಮನೇಲಿ ಎಲ್ಲಿ ಬೆಲೆ," ಎಂದು ಜಿಪ್ಪು ಮರೆತೇ ಹೋದಳು.

ಕೋಲು ಕಟ್ಟುವುದು ಎಂದರೆ ಮೊದಲು ಬ್ಲ್ಯಾಂಕ್ ಆರಿಸುವುದು. ಬ್ಲ್ಯಾಂಕ್ ಎಂದರೆ ಬರೀ ಕೋಲು, ಉಂಗುರವಿಲ್ಲ, ಹಿಡಿಯಿಲ್ಲ, ಒಂದರೊಳಗೊಂದು ಕೂರುವ ನಾಲ್ಕು ಕಾರ್ಬನ್ ತುಂಡು. ಉಳಿದದ್ದೆಲ್ಲ ಆಮೇಲೆ ಬದಲಾಯಿಸಬಹುದು, ಇದೊಂದನ್ನು ಬದಲಾಯಿಸಲಾಗದು. ಊರಾಚೆ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಇವು ಉದ್ದುದ್ದ ರಟ್ಟಿನ ಕೊಳವೆಗಳಲ್ಲಿ ಬಂದು ಬೀಳುತ್ತವೆ. ತಾನೂ ಬರುತ್ತೇನೆಂದು ಅಣ್ಣ ಹಠ ಹಿಡಿದು ಜೊತೆಗೆ ಹೊರಟ.

ಆರಿಸುವುದರಲ್ಲಿ ದಾರದಕ್ಕನದು ಒಂದು ಶಿಸ್ತು. ತುಂಡುಗಳನ್ನು ಜೋಡಿಸಿ, ದಪ್ಪ ತುದಿಯನ್ನು ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡುತ್ತಾಳೆ, ಸೊಟ್ಟ ಇದೆಯೇ ಎಂದು. ಆಮೇಲೆ ಒಂದು ತುದಿ ನೆಲಕ್ಕೂರಿ, ನಡುವೆ ಅಂಗೈಯಲ್ಲಿ ಒತ್ತಿ ಹೊರಳಿಸುತ್ತಾಳೆ. ಪ್ರತಿ ಕೋಲಿಗೂ ಒಂದು ಗಟ್ಟಿ ಮಗ್ಗುಲು ಇರುತ್ತದೆ, ಹೊರಳಿಸಿದಾಗ ಅಲ್ಲಿ ಟಣಕ್ಕೆಂದು ಹಾರಿ ತಾನಾಗಿ ತೋರಿಸಿಕೊಳ್ಳುತ್ತದೆ. ಉಂಗುರಗಳ ಸಾಲು ಎಲ್ಲಿ ಬರಬೇಕೆಂದು ಅದರಿಂದ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತು ಗಾಳಿಯಲ್ಲಿ ಕೋಲು ಅಲ್ಲಾಡಿಸಿ ತಲೆದೂಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಉಂಗುರಗಳನ್ನು ಕಾಗದದ ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ದಾರದ ರೀಲು ಕಟ್ಟಿ, ಬಯಲಿನಲ್ಲಿ ಬೀಸಿ ನೋಡದೆ ಅವಳು ಕೋಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಆ ದಿನವೂ ಗೋದಾಮಿನ ಹಿಂದಿನ ಹುಲ್ಲಿನಲ್ಲಿ ಹನ್ನೆರಡನ್ನು ಹಾಗೆ ಸಜ್ಜುಮಾಡಿ ಅಣ್ಣನ ಕೈಗೆ ಕೊಟ್ಟಳು. ಅವನು ಒಂದು ಸಲ ಬೀಸಿದ, ಎರಡು ಸಲ ಬೀಸಿದ. ಮೂರನೆಯದಕ್ಕೆ ಮೇಲ್ದುಟಿಯ ಮೇಲೆ ಬೆವರು ಕಾಣಿಸಿತು, ಹಿಂದೆ ಹೋದ ದಾರ ಬೇಲಿಯ ಮೇಲೆ ಬಿತ್ತು.

"ಚೆನ್ನಾಗಿದೆ," ಎಂದ. "ಇದೇ ಇರ್ಲಿ. ಬಿಸಿಲು ಜಾಸ್ತಿ, ನಾನು ಕಾರಲ್ಲಿ ಕೂತಿರ್ತೀನಿ. ಉಳಿದಿದ್ದು ನೀನೇ ನೋಡ್ಕೊ, ನಿನ್ನ ಕೈಗೆ ಗೊತ್ತಾಗುತ್ತೆ."

ಬಿಸಿಲೇನೂ ಇರಲಿಲ್ಲ. ಕಾರಿನ ಬಾಗಿಲನ್ನು ಅವನು ಎಡಗೈಯಲ್ಲಿ ತೆರೆದುದನ್ನು ಅವಳು ನೋಡಿದಳು.

ಅದೇ ಕಂಪನಿಯ ಹತ್ತು ಪಕ್ಕದಲ್ಲೇ ಇತ್ತು. ಅದೇ ಕಡುನೀಲಿ ಬಣ್ಣ, ಅದೇ ಉದ್ದ, ಬುಡ ಒಂದು ಕೂದಲೆಳೆ ತೆಳ್ಳಗೆ. ಅದಕ್ಕೂ ಹಾಗೇ ಉಂಗುರ ಅಂಟಿಸಿ, ದಾರ ಕಟ್ಟಿ ಅವಳೇ ಬೀಸಿದಳು. ಕೈಗೆ ಭಾರವೇ ಇಲ್ಲ, ದಾರ ನೆಟ್ಟಗೆ ಹೋಯಿತು. ಕಾರಿನ ಹತ್ತಿರ ಹೋಗಿ, ಅಣ್ಣ, ನಿನಗೆ ಇದೇ ಸರಿ, ಭುಜಕ್ಕೆ ಒಳ್ಳೆಯದು ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಸಿಟ್ಟಾಗುತ್ತಿದ್ದ, ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದ. ಆದರೆ ಅಣ್ಣನ ಊದಿದ ಮುಖ ನೋಡುವ ಧೈರ್ಯ ಅವಳಿಗೆ ಚಿಕ್ಕಂದಿನಿಂದಲೂ ಇಲ್ಲ.

"ಇದನ್ನ ಕಟ್ಟಿಕೊಡಿ," ಎಂದಳು ವ್ಯಾಪಾರಿಗೆ.

"ಇದು ಹತ್ತು ಕಣಮ್ಮ."

"ಗೊತ್ತು. ದಾರನೂ ಹತ್ತರದ್ದೇ ಕೊಡಿ."

ವ್ಯಾಪಾರಿ ಕಾರಿನ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿ ಕೊಳವೆಯ ಮುಚ್ಚಳ ಹಾಕಿದ.

ಕಂಪನಿಯ ನಂಬರು ಹಿಡಿಯ ಮೇಲ್ಗಡೆ ಅಚ್ಚಾಗಿರುತ್ತದೆ. ದಾರದಕ್ಕ ಅದರ ಮೇಲೆ ಕಪ್ಪು ದಾರ ಸುತ್ತಿ ಮುಚ್ಚಿದಳು. ಬೇರೆಯವರ ಕೋಲಿನಲ್ಲಿ ಇಷ್ಟು ಅಗಲದ ಸುತ್ತು ಅವಳು ಹಾಕುವುದಿಲ್ಲ. ನಂಬರು ಎಷ್ಟು ಜಾಗ ಹಿಡಿದಿದೆ ಎಂದು ಟೇಪು ಹಿಡಿದು ಅಳೆದು ಸುತ್ತಿದಳು, ಸುಳ್ಳಿಗೂ ಅಳತೆ ತೆಗೆಯುವ ದರ್ಜಿ. ಅದರ ಮೇಲೆ ಬಿಳಿ ಶಾಯಿಯಲ್ಲಿ 'ಅಣ್ಣನಿಗೆ' ಎಂದು ಬರೆದಳು, ಕೆಳಗೆ 'ಹನ್ನೆರಡು' ಎಂದು ಬರೆದಳು. ಅಂಟಿನ ಲೇಪ ಹಚ್ಚಿ, ಅದು ಒಂದೇ ಕಡೆ ಇಳಿಯದ ಹಾಗೆ ಕೋಲನ್ನು ನಿಧಾನವಾಗಿ ತಿರುಗಿಸುವ ಪುಟ್ಟ ಮೋಟರಿಗೆ ಸಿಕ್ಕಿಸಿದಳು. ಒಣಗಿದರೆ ಮುಗಿಯಿತು, ಆ ಅಕ್ಷರ ಕೆರೆದರೂ ಹೋಗುವುದಿಲ್ಲ. ಮಧ್ಯಾಹ್ನವೆಲ್ಲ ಅವಳು ಅದಕ್ಕೆ ಬೆನ್ನು ಹಾಕಿ ಪ್ಯಾಂಟು ಹೊಲಿದಳು.

ಅಣ್ಣ ಕೋಲು ತೆಗೆದುಕೊಂಡು ಸಮುದ್ರಕ್ಕೆ ಹೋದ ಭಾನುವಾರ ಅವಳು ಒಂದೇ ಪ್ಯಾಂಟಿನ ಅಂಚನ್ನು ಎರಡು ಸಲ ಬಿಚ್ಚಿ ಹೊಲಿದಳು. ಸಂಜೆ ಅವನು ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಮುಖದಲ್ಲಿ ಹಳೆಯ ಕಳೆ.

"ಏನು ಮಾಡಿದೆ ಇದಕ್ಕೆ? ಆವತ್ತು ಬರೀ ಕೋಲು ಬೀಸಿದಾಗ ಭುಜ ಬಿದ್ದುಹೋಯ್ತು ಅಂದ್ಕೊಂಡೆ, ನಿನಗೆ ಹೇಳ್ಲಿಲ್ಲ. ಇವತ್ತು ಬೆಳಗ್ಗೆಯಿಂದ ಬೀಸಿದೀನಿ. ನೋವಿಲ್ಲ."

"ಹಿಡಿ ಸರಿಯಾಗಿ ಕೂತ್ರೆ ತೂಕ ಗೊತ್ತಾಗಲ್ಲ," ಎಂದಳು ದಾರದಕ್ಕ. ನಾಲಿಗೆ ಹೇಗೆ ಹೊರಳಿತೋ ಅವಳಿಗೇ ಗೊತ್ತಿಲ್ಲ.

ಅಲ್ಲಿಂದ ಶುರುವಾಯಿತು. ಅಣ್ಣ ಕೋಲನ್ನು ಗೇಟಿನ ಕ್ಯಾಬಿನ್ನಿಗೇ ಒಯ್ದು ಮೂಲೆಯಲ್ಲಿ ನಿಲ್ಲಿಸಿದ. ಬಂದು ಹೋಗುವ ಡ್ರೈವರುಗಳಿಗೆಲ್ಲ ತೋರಿಸಿದ. ಡಾಕ್ಟರು ಕೈಬಿಟ್ಟ ಭುಜವನ್ನು ನನ್ನ ತಂಗಿ ಸರಿಮಾಡಿದಳು ಎಂದ. ಬಂದರಿನವರು ಅಂಗಡಿಗೆ ಬಂದು, "ಅಕ್ಕ, ನಿಮ್ಮ ಕೈಗುಣ ದೊಡ್ಡದು" ಎಂದರು. ಒಬ್ಬ ಬೆನ್ನುನೋವಿನವನು ಬಂದು ತನಗೂ ಅಂಥದ್ದೇ ಒಂದು ಬೇಕೆಂದ. ದಾರದಕ್ಕನಿಗೆ ಮೊದಮೊದಲು ಮೈ ಮುದುಡುವಂತಾಗುತ್ತಿತ್ತು. ಆಮೇಲೆ, ಹೇಳಲು ನಾಚಿಕೆ, ಅದು ಹಿತವೆನ್ನಿಸತೊಡಗಿತು. ತಲೆತಗ್ಗಿಸಿ ದಾರ ಸುತ್ತುತ್ತ, ನನ್ನದೇನಿದೆ ಎಂದು ಮೆಲ್ಲಗೆ ಅನ್ನುವಾಗ ಇನ್ನೊಂದು ಸಲ ಹೊಗಳಲಿ ಎಂದು ಕಾಯುತ್ತಿದ್ದಳು. ತಾನು ಬರೆದ ಸುಳ್ಳನ್ನು ತಾನೇ ಅರ್ಧ ನಂಬಿಬಿಟ್ಟಿದ್ದಳು.

ಆ ಹಿತಕ್ಕೆ ಕಲ್ಲು ಬಿದ್ದದ್ದು ಅಣ್ಣನ ಬಾಯಿಂದಲೇ.

"ಸೋಮವಾರ ಕ್ರೇನ್ ಹತ್ತುತೀನಿ," ಎಂದ ಒಂದು ಸಂಜೆ. "ಸೂಪರ್‌ವೈಸರ್ ಒಪ್ಪಿದಾನೆ. ಒಂದು ಸಲ ನನ್ನ ಕಣ್ಣೆದುರಿಗೆ ಹತ್ತಿ ಇಳಿದು ತೋರ್ಸು, ಉಳಿದ ಕಾಗದಪತ್ರ ನಾನು ನೋಡ್ಕೊತೀನಿ ಅಂದ."

"ಡಾಕ್ಟ್ರು?"

"ಡಾಕ್ಟ್ರಿಗೇನು ಗೊತ್ತು. ಹನ್ನೆರಡು ಬೀಸೋ ಕೈಗೆ ಏಣಿ ಒಂದು ಲೆಕ್ಕವಾ? ಭುಜಕ್ಕೆ ಅಂತ ಅವರು ಹೇಳಿದ ವ್ಯಾಯಾಮ ಗೀಯಾಮ ಎಲ್ಲ ಬಿಟ್ಟಾಯ್ತು."

ಸೂಜಿ ಅವಳ ಬೆರಳಿಗೆ ಚುಚ್ಚಿತು. ಆಗಲೇ ಹೇಳಬಹುದಿತ್ತು. ಅಂಗಡಿಯಲ್ಲಿ ಇಬ್ಬರೇ ಇದ್ದರು. ಅವಳು ಬೆರಳು ಚೀಪುತ್ತ ಕೂತಳು. ಶನಿವಾರ ಅಣ್ಣನ ಮನೆಗೆ ಹೋದಳು. ಟೀ ಕುಡಿದಳು, ಅತ್ತಿಗೆಯ ಪರದೆಗೆ ಅಳತೆ ತೆಗೆದಳು. ಅಣ್ಣ ಕ್ರೇನಿನ ಹಳೆಯ ಬೂಟು ಹೊರತೆಗೆದು ಪಾಲಿಶ್ ಹಾಕುತ್ತ ಶಿಳ್ಳೆ ಹೊಡೆಯುತ್ತಿದ್ದ. ಅವನು ಶಿಳ್ಳೆ ಹೊಡೆದು ಎಷ್ಟು ಕಾಲವಾಗಿತ್ತು. ಬಾಗಿಲವರೆಗೆ ಹೋಗಿ, ಅಣ್ಣ ಎಂದಳು. ಅವನು ತಲೆಯೆತ್ತಿದ. "ಬೂಟಿಗೆ ಹೊಸ ಲೇಸ್ ಹಾಕ್ಕೊ," ಎಂದು ಹೇಳಿ ಬಂದುಬಿಟ್ಟಳು. ಭಾನುವಾರ ಅವನು ಸಮುದ್ರಕ್ಕೆ ಹೋಗಿದ್ದ, ಅಲ್ಲಿಗೂ ಹೋಗಬಹುದಿತ್ತು, ಹೋಗಲಿಲ್ಲ.

ಸೋಮವಾರ ಸಮವಸ್ತ್ರದ ಗಂಟು ಹೊತ್ತುಕೊಂಡು ಬಂದರಿಗೆ ಓಡಿದಳು. ಪಾಳಿ ಬದಲಾಗುವ ಹೊತ್ತು. ಕ್ರೇನಿನ ಬುಡದಲ್ಲಿ ಗುಂಪು ಸೇರಿತ್ತು. ರಾತ್ರಿ ಪಾಳಿಯವರು ಮನೆಗೆ ಹೋಗದೆ ನಿಂತಿದ್ದರು, ಹಗಲು ಪಾಳಿಯವರು ಟೀ ಲೋಟ ಹಿಡಿದು ನಿಂತಿದ್ದರು, ನಡುವೆ ಸೂಪರ್‌ವೈಸರ್. ಅಣ್ಣ ಕೈಗವಸು ಹಾಕಿಕೊಂಡು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ. ನೇರ ಮೇಲಕ್ಕೆ ಹೋಗುವ ಏಣಿ ಅದು, ಕತ್ತೆತ್ತಿದರೆ ಟೋಪಿ ಬೀಳುವಷ್ಟು ಎತ್ತರ.

"ಅಣ್ಣ, ಸ್ವಲ್ಪ ಈ ಕಡೆ ಬಾ. ಒಂದು ಮಾತಿದೆ."

"ಇಳಿದು ಬಂದ್ಮೇಲೆ ಹೇಳು."

"ಹತ್ತೋಕೆ ಮುಂಚೆ ಹೇಳ್ಬೇಕು."

"ಹಾಗಾದ್ರೆ ಇಲ್ಲೇ ಹೇಳು. ಇಲ್ಲಿ ಹೊರಗಿನೋರು ಯಾರಿದಾರೆ, ಎಲ್ಲ ನಮ್ಮೋರೇ." ಗುಂಪಿನ ಕಡೆ ತಿರುಗಿದ. "ಇವಳೇ ನೋಡ್ರಪ್ಪ, ನನ್ನ ಡಾಕ್ಟ್ರು."

ಯಾರೋ ಚಪ್ಪಾಳೆ ತಟ್ಟಿದರು. ದಾರದಕ್ಕ ಗಂಟನ್ನು ಎದೆಗೆ ಅವುಚಿಕೊಂಡಳು. "ಆ ಕೋಲು ಹನ್ನೆರಡಲ್ಲ," ಎಂದಳು.

"ಏನು?"

"ಹತ್ತು. ದಾರನೂ ಹತ್ತೇ. ಕಂಪನಿ ನಂಬರ್ ಮುಚ್ಚಿ ನಾನೇ ಹನ್ನೆರಡು ಅಂತ ಬರ್ದೆ. ನಿನ್ನ ಭುಜ ವಾಸಿ ಆಗಿಲ್ಲ ಅಣ್ಣ. ಹತ್ತಬೇಡ."

ಹಿಂದಿನಿಂದ ಒಬ್ಬ, "ಹಾಗಾದ್ರೆ ಇನ್ಮೇಲೆ ಹತ್ತಣ್ಣ" ಎಂದ. ನಗು ಎದ್ದಿತು. ಕೆಟ್ಟ ನಗುವೇನಲ್ಲ, ದಿನವೂ ಒಬ್ಬರನ್ನೊಬ್ಬರು ರೇಗಿಸುವವರ ನಗು. ಅಣ್ಣನೂ ನಕ್ಕ. ಅವನು ನಕ್ಕದ್ದನ್ನು ನೋಡಲಾಗದೆ ಅವಳು ನೆಲ ನೋಡಿದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವನು ಏಣಿಯನ್ನು ಬಲಗೈಯಲ್ಲಿ ಹಿಡಿದು ಒಮ್ಮೆ ಮೇಲೆ ನೋಡಿದ. ಹಿಡಿತ ಬಿಗಿ ಮಾಡಿದ, ಸಡಿಲ ಮಾಡಿದ. ಆಮೇಲೆ ಕಾಲು ಕೆಳಗಿಟ್ಟ.

"ಇವತ್ತು ಬೇಡ ಬಿಡಿ," ಎಂದ ಸೂಪರ್‌ವೈಸರಿಗೆ. "ಗಾಳಿ ಜೋರಿದೆ."

ಹಡಗಿನ ಚಿಮಣಿಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಅವನು ಕೈಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡು ಗೇಟಿನ ಕಡೆ ನಡೆದ. ತಂಗಿಯ ಪಕ್ಕದಲ್ಲೇ ಹಾದು ಹೋದ, ಮುಖ ನೋಡಲಿಲ್ಲ.

ಅತ್ತಿಗೆ ಅಂದೇ ಅಂಗಡಿಗೆ ಬಂದಳು. ದಾರದಕ್ಕ ಆಸರೆ ಸಿಕ್ಕಿತು ಎಂದುಕೊಂಡು, "ನೀವೇ ಅಲ್ವಾ ಅತ್ತಿಗೆ ಹೇಳಿದ್ದು" ಎಂದಳು.

"ಹಗುರದ್ದು ಕೊಡು ಅಂದೆ," ಎಂದಳು ಅತ್ತಿಗೆ. "ಸುಳ್ಳು ಬರಿ ಅಂದ್ನಾ? ಸರಿ, ಬರೆದೆ. ಶನಿವಾರ ಮನೆಗೇ ಬಂದು ಟೀ ಕುಡಿದು ಹೋದೆ, ಆಗ ಬಾಯಲ್ಲಿ ಏನಿಟ್ಕೊಂಡಿದ್ದೆ? ನಾಲ್ಕು ಜನರ ಮುಂದೆನೇ ಹೇಳ್ಬೇಕಿತ್ತಾ?"

ಅಣ್ಣನ ಜೀವ ಉಳಿಸಿದೆ ಎಂದು ಹೇಳಿಕೊಳ್ಳೋಣವೆಂದರೆ ದಾರದಕ್ಕನಿಗೆ ಅದೂ ಖಚಿತವಿರಲಿಲ್ಲ. ಹತ್ತು ನಂಬರಿನದನ್ನೇ ಆದರೂ ವಾರಗಟ್ಟಲೆ ಬೀಸಿದ ಕೈ ಅದು. ಗಟ್ಟಿಯಾಗಿದ್ದರೂ ಇರಬಹುದು. ಏಣಿ ಹತ್ತಬಲ್ಲವನೇ ಆಗಿದ್ದನೋ ಏನೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಅವನಿಗೆ ಇಲ್ಲದ ಬಲ ಕೊಟ್ಟಳು, ಆಮೇಲೆ ಇದ್ದ ಬಲವನ್ನೂ ಕಿತ್ತುಕೊಂಡಳು. ಹೊಲಿಗೆ ಯಂತ್ರದ ಮುಂದೆ ಕೂತಾಗೆಲ್ಲ ಇದೇ ಯೋಚನೆ ಬಂದು ಕಿವಿ ಬಿಸಿಯಾಗುತ್ತಿತ್ತು. ಕೈಗುಣ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಬೆನ್ನುನೋವಿನವನಿಗೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದಳು.

ಬಹಳ ದಿನ ಅಣ್ಣ ಬರಲಿಲ್ಲ. ಕ್ಯಾಬಿನ್ನಿನ ಮೂಲೆಯಲ್ಲಿ ಕೋಲು ಇಲ್ಲವೆಂದು ಸಮವಸ್ತ್ರ ಒಯ್ಯಲು ಬಂದವರು ಹೇಳಿದರು. ಕೊನೆಗೊಂದು ಬೆಳಗ್ಗೆ ಬಂದ. ಬಾಗಿಲಲ್ಲೇ ನಿಂತು ಬೆಂಚಿನ ಕಡೆ ನೋಡಿದ.

"ಎಂಟು ಇದೆಯಾ?"

ಇತ್ತು. ಅವಳು ಕೊಳವೆ ತೆಗೆದುಕೊಟ್ಟಳು. ಅಣ್ಣ ತಾನೇ ತುಂಡುಗಳನ್ನು ಜೋಡಿಸಿದ, ಕಣ್ಣಿಗೆ ಹಿಡಿದು ನೋಡಿದ. ಉಂಗುರಗಳನ್ನು ಟೇಪಿನಲ್ಲಿ ಅಂಟಿಸಿ, ದಾರ ಕಟ್ಟಿ, ಅಂಗಡಿಯ ಹಿಂದೆ ಹೋಗಿ ಬೀಸಿಯೂ ನೋಡಿದ. ಅವಳು ಕಿಟಕಿಯಲ್ಲಿ ನಿಂತಿದ್ದಳು. ದಾರ ಚೆನ್ನಾಗಿ ಹೋಯಿತು. ಅವನ ಮುಖದಲ್ಲಿ ಏನೂ ಇರಲಿಲ್ಲ. ವಾಪಸು ಬಂದು ಬುಡದ ತುಂಡನ್ನು ಅವಳ ಮುಂದೆ ಇಟ್ಟ.

"ಇದನ್ನ ಕಟ್ಕೊಡು. ಇಲ್ಲಿ ಕಂಪನಿ ನಂಬರ್ ಇದೆಯಲ್ಲ, ಇದರ ಮೇಲೆ ದಾರ ಬರೋದು ಬೇಡ. ಕಾಣ್ತಿರ್ಲಿ."

"ಆಯ್ತು ಅಣ್ಣ. ಕೆಳಗಡೆ ನಾನೇನಾದ್ರೂ ಬರೀಲಾ?"

"ಬೇಡ," ಎಂದ. "ನೀನೇನೂ ಬರೀಬೇಡ."

ಅವಳು ದಾರದ ಉಂಡೆ ತೆಗೆದುಕೊಂಡಳು. ಹಿಂದೆಲ್ಲ ಕೋಲು ಕೊಟ್ಟು, ಆದಾಗ ಹೇಳು ಎಂದು ಹೊರಟುಹೋಗುತ್ತಿದ್ದವನು ಆ ದಿನ ಹೋಗಲಿಲ್ಲ. ಸ್ಟೂಲೆಳೆದುಕೊಂಡು ಎದುರಿಗೆ ಕೂತ, ಕೊನೆಯ ಸುತ್ತು ಮುಗಿಯುವವರೆಗೂ ಅವಳ ಕೈಯನ್ನೇ ನೋಡುತ್ತಿದ್ದ.